ಆಮ್ದನಿ ಅಂದಾಜು

ಹೆದರಿದ ಮನುಷ್ಯನ ಕೈಗೆ ಸರ್ಕಾರಿ ಕಾಗದ ಸಿಕ್ಕರೆ ಏನಾದರೊಂದು ಆಗಿಯೇ ಆಗುತ್ತದೆ. ಆ ಕಾಗದ ಓದಿ ಹೇಳುವವನಿಗೂ ಒಳಗೊಳಗೇ ಹೆದರಿಕೆ ಇದ್ದರಂತೂ ಕೇಳುವುದೇ ಬೇಡ.

ನಿಜಾಮರ ಆಳ್ವಿಕೆಯ ಕಡೆಗಾಲ ಅದು. ಲಿಂಗಸುಗೂರಿನ ಕಚೇರಿ ಎದುರಿಗೆ ಒಂದು ಬೇವಿನ ಗಿಡ, ಗಿಡದ ಕೆಳಗೆ ಒಂದು ಚಾಪೆ, ಚಾಪೆಯ ಮೇಲೆ ನಾನು. ಅರ್ಜಿ ಬರೆಯುವುದು ನನ್ನ ಕಸುಬು. ಕಚೇರಿಯ ಬರಹವೆಲ್ಲ ಉರ್ದು, ಊರಿನ ಮಾತೆಲ್ಲ ಕನ್ನಡ. ಈ ಎರಡರ ಸಂದಿಯಲ್ಲಿ ನನ್ನ ಹೊಟ್ಟೆ ನಡೆಯುತ್ತಿತ್ತು. ಒಂದು ಅರ್ಜಿಗೆ ಎಂಟಾಣೆ. ವಾರಕ್ಕೊಮ್ಮೆ ಮಸ್ಕಿ ಸಂತೆಗೆ ಹೋಗುತ್ತಿದ್ದೆ, ತಿಂಗಳಿಗೊಮ್ಮೆ ಸಿಂಧನೂರಿಗೆ. ಜನ ನನ್ನನ್ನು ಮುನ್ಷಿ ಎನ್ನುತ್ತಿದ್ದರು.

ಹೊಲಕ್ಕೆ ಪಟ್ಟಿ, ಅಂದರೆ ಕಂದಾಯ, ಕಟ್ಟುವುದು ಎಲ್ಲರಿಗೂ ಗೊತ್ತಿತ್ತು. ಆದರೆ ಆ ವರ್ಷ ಗಳಿಕೆಗೂ ಪಟ್ಟಿ ಬಂತು. ಗಳಿಕೆಗೆ ಉರ್ದುವಿನಲ್ಲಿ ಆಮ್ದನಿ ಅಂತಾರೆ. ಅಂಗಡಿ ಇಟ್ಟುಕೊಂಡವನು, ವ್ಯಾಪಾರ ಮಾಡುವವನು, ವರ್ಷಕ್ಕೆ ತನಗೆ ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಅಂತ ತಾನೇ ಅಂದಾಜು ಮಾಡಿ ಬರೆದು ಕೊಡಬೇಕು. ನಮ್ಮ ಸೀಮೆಯ ವ್ಯಾಪಾರಿಗಳಲ್ಲಿ ಲೆಕ್ಕ ಬಾರದವರು ಅರ್ಧ. ಉಳಿದರ್ಧ ಮಂದಿ, ಲೆಕ್ಕ ಹಾಕಿದರೆ ಲಕ್ಷ್ಮಿ ಮುನಿಸಿಕೊಂಡು ಹೋಗುತ್ತಾಳೆ ಎನ್ನುವವರು. ಎಲ್ಲರೂ ಬಂದು ನಿಂತದ್ದು ನನ್ನ ಚಾಪೆಯ ಮುಂದೆ.

ಹಾಸಿಗೆ ಸುತ್ತಿಕೊಂಡು ಬಂದ ಸಾವ್ಕಾರ

ಮೊದಲು ಬಂದವರು ಮಸ್ಕಿಯ ಅರಿವೆ ಅಂಗಡಿ ಸಾವ್ಕಾರರು. ಚಕ್ಕಡಿಯಿಂದ ಅವರು ಇಳಿದರು, ಅವರ ಹಿಂದೆ ಹೆಂಡತಿ ಇಳಿದಳು, ಆಮೇಲೆ ಒಂದು ಸುತ್ತಿದ ಹಾಸಿಗೆ ಇಳಿಯಿತು, ಕಡೆಗೆ ರೊಟ್ಟಿ ಬುತ್ತಿ. ಹೆಂಡತಿಯ ಕಣ್ಣು ಅತ್ತು ಅತ್ತು ಊದಿದ್ದವು.

"ಯಾವ ಊರಿಗೆ ಹೊಂಟೀರಿ ಸಾವ್ಕಾರ್ರ?" ಅಂದೆ.

ಅವರು ಅಂಗಿಯ ಒಳಗಿನಿಂದ ಬೆವರಿಗೆ ತೋಯ್ದ ಕಾಗದ ತೆಗೆದು ಕೊಟ್ಟರು. "ಓದ್ರಿ. ಎಷ್ಟ ವರ್ಷ ಹಾಕ್ಯಾರ, ಅಷ್ಟ ಹೇಳ್ರಿ ಸಾಕು."

ನಾನು ಕನ್ನಡಕ ಏರಿಸಿ ಮೊದಲನೇ ಸಾಲು ಓದಿದೆ. "ಒಂದು ವರ್ಷದ್ದು ಅಂತ ಐತಿ..."

ಅಷ್ಟು ಕೇಳಿದ್ದೇ ತಡ, ಸಾವ್ಕಾರರು ಗಿಡದ ಬೊಡ್ಡೆಗೆ ಒರಗಿ ಕುಸಿದರು. ಹೆಂಡತಿ, "ನನ್ನ ಗಂಡ ಯಾರ ಮನಿ ಏನ ಕದ್ದಾನಪ್ಪೋ!" ಅಂತ ಕೂಗಿದಳು. ಕಚೇರಿಗೆ ಬಂದ ಜನವೆಲ್ಲ ಸುತ್ತ ನೆರೆಯಿತು. ಯಾರೋ ನೀರು ಚಿಮುಕಿಸಿದರು. ನನಗೂ ಗಾಬರಿಯಾಗಿ ಕಾಗದ ಕೆಳಗೆ ಬಿತ್ತು. ಎತ್ತಿಕೊಂಡು ಎರಡನೇ ಸಾಲು ಓದಿದೆ. "ತಡೀರಿ, ತಡೀರಿ! ಒಂದು ವರ್ಷದ ಆಮ್ದನಿ ಎಷ್ಟು ಅಂತ ಕೇಳ್ಯಾರ. ಶಿಕ್ಷಾ ಅಲ್ರಿ ಇದು, ಬರೇ ಪ್ರಶ್ನಿ."

ಸಾವ್ಕಾರರು ಕಣ್ಣು ತೆರೆದರು. "ಜೈಲಿಲ್ಲಾ?"

"ಇಲ್ಲ."

"ಅಂಗಡಿ ಕೀಲಿಕೈ ಅಳಿಯನ ಕೈಯಾಗ ಕೊಟ್ಟು ಬಂದೀನಲ್ರಿ!"

ಮೂರು ದಿನದಿಂದ ಉಂಡಿರಲಿಲ್ಲವಂತೆ. ಅಲ್ಲೇ ಬುತ್ತಿ ಬಿಚ್ಚಿ ಆರು ರೊಟ್ಟಿ, ಶೇಂಗಾ ಚಟ್ನಿ ತಿಂದರು. ಆಮೇಲೆ ನಾನು ನಿಧಾನವಾಗಿ ತಿಳಿಸಿ ಹೇಳಿದೆ. ಗಳಿಕೆ ಬರೆಯಬೇಕು, ಖರ್ಚು ಕಳೆಯಬೇಕು, ಉಳಿದದ್ದಕ್ಕೆ ಪಟ್ಟಿ ಕಟ್ಟಬೇಕು, ಮುಂದಿನ ವರ್ಷ ಮತ್ತೆ ಹೀಗೇ ಬರೆಯಬೇಕು. ಕೇಳುತ್ತ ಕೇಳುತ್ತ ಅವರ ಮುಖ ಮತ್ತೆ ಬಾಡಿತು. ಸುತ್ತಿಟ್ಟ ಹಾಸಿಗೆಯ ಕಡೆ ನೋಡಿ ಅಂದರು:

"ಜೈಲಾಗಿದ್ರ ಒಮ್ಮೆ ಹೋಗಿ ಬಂದ್ರ ಮುಗೀತಿತ್ತು. ಇದು ವರ್ಷಾ ವರ್ಷಾ ಏನ್ರಿ?"

ಗುಡ್ಡದ ಕಲ್ಲು ನೋಡಲು ಬಂದವರು

ಮಸ್ಕಿಯ ಗುಡ್ಡದ ಮೇಲೆ ಬಂಡೆಯಲ್ಲಿ ಹಳೇ ಕಾಲದ ಬರಹ ಇದೆ. ಕೋಟು ತೊಟ್ಟವರು ಯಾರೇ ಬಸ್ಸಿಳಿದರೂ ಊರವರು ಹೇಳುವುದು ಒಂದೇ ಮಾತು: "ಕಲ್ಲು ನೋಡಾಕ ಬಂದಾರ."

ಒಂದು ಸಂತೆ ದಿನ ನಾನು ಹಿತ್ತಾಳಿ ಸಾಮಾನಿನ ವ್ಯಾಪಾರಿಯ ಕಟ್ಟೆಯ ಮೇಲೆ ಕೂತಿದ್ದೆ. ಅವನ ಆಮ್ದನಿ ಕಾಗದ ಆಗಷ್ಟೇ ಬರೆದು ಮುಗಿಸಿದ್ದೆ. ವರ್ಷದ ಉಳಿಕೆ ಎಂಟುನೂರು ರೂಪಾಯಿ ಅಂತ ಅವನ ಅಂದಾಜು. ಅದನ್ನು ಬರೆಸುವಾಗ ಅವನು ಮೂರು ಸಲ ನಿಟ್ಟುಸಿರು ಬಿಟ್ಟಿದ್ದ. ಕಾಗದದ ಮಸಿ ಇನ್ನೂ ಆರಿರಲಿಲ್ಲ.

ಅಷ್ಟರಲ್ಲಿ ಕೋಟು ತೊಟ್ಟವರೊಬ್ಬರು ಬಸ್ಸಿಳಿದು ಬಂದು ನೆರಳಿಗೆ ನಿಂತು ನೀರು ಕೇಳಿದರು. ವ್ಯಾಪಾರಿ ಹೊಳೆಯುವ ಚೊಂಬಿನಲ್ಲಿ ನೀರು ಕೊಟ್ಟ. "ಕಲ್ಲು ನೋಡಾಕ ಬಂದೀರೇನ್ರಿ?"

"ಅದನ್ನೂ ನೋಡೋಣ," ಅಂದರು ಅವರು.

ನಾನು ಮುಖ ನೋಡಿದೆ. ರಾಯಚೂರಿನಿಂದ ಬಂದಿದ್ದ ಆಮ್ದನಿ ಕಚೇರಿಯ ಸಾಹೇಬರು! ನಾಲ್ಕು ದಿನದ ಹಿಂದೆ ಲಿಂಗಸುಗೂರಿನಲ್ಲಿ ಅವರನ್ನು ದೂರದಿಂದ ಕಂಡಿದ್ದೆ. ವ್ಯಾಪಾರಿಗೆ ತಿಳಿಯಲಿ ಅಂತ ಕೆಮ್ಮಿದೆ.

ಅವನು ಆಗಲೇ ಶುರು ಮಾಡಿದ್ದ. "ಆ ಕಲ್ಲಿನಾಗ ಏನೈತ್ರಿ ಸಾಹೇಬ್ರ, ಬಿಸಲಾಗ ಗುಡ್ಡ ಹತ್ತಬೇಕು. ನಮ್ಮ ಅಂಗಡಿ ನೋಡ್ರಿ. ಮುದಗಲ್ಲಿಂದ, ಸಿಂಧನೂರಿಂದ ನನ್ನ ಕೊಡಾ ಹುಡುಕ್ಕೊಂಡು ಬರ್ತಾರ. ಲಗ್ನದ ಸುಗ್ಗಿಯಾಗ ದಿನಕ್ಕ ಇಪ್ಪತ್ತು ಕೊಡಾ ಹೋಗ್ತಾವ."

ನಾನು ಇನ್ನೂ ಜೋರಾಗಿ ಕೆಮ್ಮಿದೆ.

"ಮುನ್ಷಿಯವ್ರ, ಕೆಮ್ಮಿಗೆ ಒಂದೀಟು ಬೆಲ್ಲ ಬಾಯಾಗ ಹಾಕ್ಕೋರಿ," ಅಂದ.

ಸಾಹೇಬರು ಚೊಂಬು ಕೆಳಗಿಟ್ಟರು. "ಕೊಡಕ್ಕ ಏನು ಉಳೀತದ?"

"ಎರಡು ರೂಪಾಯಿಗೆ ಕಡಿಮಿ ಇಲ್ರಿ! ಹಂಡೇಕ್ಕಂತೂ ಕೇಳಬ್ಯಾಡ್ರಿ."

ಸಾಹೇಬರು ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಬರೆಯತೊಡಗಿದರು. ಕಲ್ಲು ನೋಡಲು ಬಂದವರು ಹೀಗೆ ಬರೆದುಕೊಳ್ಳುವುದನ್ನು ವ್ಯಾಪಾರಿ ಎಷ್ಟೋ ಸಲ ಕಂಡಿದ್ದ. ತನ್ನ ಹೆಸರೂ ಪುಸ್ತಕದಲ್ಲಿ ಬರುತ್ತದೆ ಅಂತ ಹಿಗ್ಗಿ, ಹಂಡೆಯ ಲೆಕ್ಕ, ಪರಾತದ ಲೆಕ್ಕ, ದೀಪದ ಸಮೆಯ ಲೆಕ್ಕ ಎಲ್ಲ ಸಾವಕಾಶವಾಗಿ ಹೇಳಿದ. ನಾನು ಕೆಮ್ಮುವುದನ್ನು ಬಿಟ್ಟು, ಎಂಟುನೂರು ಅಂತ ಬರೆದ ಕಾಗದದ ಮೇಲೆ ಕೂತುಬಿಟ್ಟೆ.

ಬರೆದು ಮುಗಿಸಿ ಸಾಹೇಬರು ಪುಸ್ತಕ ಮುಚ್ಚಿದರು. "ನಾನು ಆಮ್ದನಿ ಕಚೇರಿಯವ. ನಿನ್ನ ಕಾಗದ ಇನ್ನೂ ಯಾಕ ಬಂದಿಲ್ಲ ಅಂತ ಕೇಳಾಕ ಬಂದಿದ್ದೆ."

ವ್ಯಾಪಾರಿ ಕಟ್ಟೆಯಿಂದ ಕೆಳಗೆ ಜಿಗಿದ. "ಸಾಹೇಬ್ರ, ಸಾಹೇಬ್ರ! ನಾ ಹೇಳಿದ್ದು ಈಗಿಂದಲ್ರಿ, ನಮ್ಮಪ್ಪನ ಕಾಲದ ಮಾತು!"

"ಅಚ್ಛಾ," ಅಂದರು ಸಾಹೇಬರು, ಪುಸ್ತಕ ಮತ್ತೆ ತೆರೆಯುತ್ತ. "ಹಂಗಾದ್ರ ನಿಮ್ಮಪ್ಪನ ಕಾಲದಿಂದ ಹಿಡದು ಬರಕೊಳ್ಳಲೇನು?"

ಎರಡು ಸಿಕ್ಕಾ

ಆಗ ನಮ್ಮಲ್ಲಿ ಎರಡು ಸಿಕ್ಕಾ, ಅಂದರೆ ಎರಡು ನಮೂನೆಯ ರೂಪಾಯಿ, ನಡೆಯುತ್ತಿದ್ದವು. ನಿಜಾಮರ ರೂಪಾಯಿಗೆ ಹಾಲಿ ಅಂತಿದ್ದೆವು, ಇಂಗ್ಲಿಷರ ರೂಪಾಯಿಗೆ ಕಲ್ದಾರ. ಕಲ್ದಾರ ತೂಕದ್ದು. ನೂರು ಕಲ್ದಾರ ಕೊಟ್ಟರೆ ನೂರಾ ಹದಿನಾರು ಹಾಲಿ ಬರುತ್ತಿತ್ತು.

ಸಿಂಧನೂರಿನ ಮೆಣಸಿನಕಾಯಿ ವ್ಯಾಪಾರಿಯೊಬ್ಬ ನಮ್ಮ ಹಳ್ಳಿಗಳಲ್ಲಿ ಹಾಲಿ ಕೊಟ್ಟು ಮಾಲು ಕೊಳ್ಳುತ್ತಿದ್ದ. ಹೊಳೆ ದಾಟಿ ಇಂಗ್ಲಿಷರ ಸೀಮೆಯ ಸಿರುಗುಪ್ಪದಲ್ಲಿ ಕಲ್ದಾರಕ್ಕೆ ಮಾರುತ್ತಿದ್ದ. ಅವನ ಕಾಗದ ಬರೆಯಲು ಕೂತಾಗ, "ಬಂದದ್ದು ಬಂದಾಂಗ ಬರೀರಿ, ಹೋದದ್ದು ಹೋದಾಂಗ ಬರೀರಿ. ನಾ ಸುಳ್ಳ ಹೇಳಾವಲ್ಲ," ಅಂದ. ನಾನೂ ಹಾಗೆಯೇ ಬರೆದೆ. ಬಂದದ್ದು ಎರಡು ಸಾವಿರ. ಹೋದದ್ದು ಎರಡು ಸಾವಿರದ ನೂರು. ಯಾವುದು ಯಾವ ಸಿಕ್ಕಾ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ಕಾಗದವನ್ನು ತಿರುವಿ ತಿರುವಿ ನೋಡಿದರು. "ನೂರು ರೂಪಾಯಿ ಲುಕ್ಸಾನಾ?"

"ಹೌದ್ರಿ. ಏನ್ ಮಾಡೂದ್ರಿ, ಕಾಲ ಸುಮಾರು."

"ಲುಕ್ಸಾನಿನಾಗ ಹೋದ ವರ್ಷ ಮನಿ ಮ್ಯಾಲ ಮಾಳಗಿ ಹ್ಯಾಂಗ ಹಾಕ್ಸಿದಿ?"

ಅವನು ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ.

ಸಾಹೇಬರಿಗೆ ಸಿಟ್ಟು ಬಂದಿರಲಿಲ್ಲ, ಅದೇ ನಮಗೆ ಹೆಚ್ಚಿನ ಹೆದರಿಕೆ. ಮೆಲ್ಲಗೆ ಅಂದರು, "ಬಂದದ್ದು ಕಲ್ದಾರದಾಗ ಬರಸೀದಿ, ಹೋದದ್ದು ಹಾಲಿಯಾಗ ಬರಸೀದಿ. ಬಂದದ್ದನ್ನ ಹಾಲಿಗೆ ತಿರುವಿದ್ರ ಎರಡು ಸಾವಿರದ ಮುನ್ನೂರಾ ಇಪ್ಪತ್ತು ಆಗ್ತದ. ಆತು, ತಿದ್ದೋಣ. ಈಗ ಹೇಳು. ಪಟ್ಟಿ ಯಾವುದರಾಗ ಕಟ್ತೀ? ಹಾಲಿಯೋ, ಕಲ್ದಾರೋ?"

ಅವನು ಕೈ ಮುಗಿದ. "ಎರಡೂ ಬ್ಯಾಡ್ರಿ ಸಾಹೇಬ್ರ. ಉದ್ರಿ ಬರ್ಕೋರಿ."

ಖಾನಾವಳಿ ಅವ್ವನ ಗೋಡೆ

ಲಿಂಗಸುಗೂರಿನ ಕಚೇರಿ ಹಿಂದಿನ ಓಣಿಯಲ್ಲಿ ಒಬ್ಬ ಅವ್ವ ಖಾನಾವಳಿ ನಡೆಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ರೊಟ್ಟಿ ಬಡಿದು ಎರಡು ಹೆಣ್ಣುಮಕ್ಕಳ ಲಗ್ನ ಮಾಡಿದ ಗಟ್ಟಿಗಿತ್ತಿ. ಯಾರೋ ಹೊಟ್ಟೆಕಿಚ್ಚಿನವರು, ಅವಳು ಬಹಳ ಗಳಿಸುತ್ತಾಳೆ ಅಂತ ಕಚೇರಿಗೆ ಹೇಳಿಬಿಟ್ಟರು. ಅವಳಿಗೂ ಕಾಗದ ಬಂತು.

ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಮುನ್ಷಿ, ನನಗ ಅಕ್ಷರ ಬರೂದಿಲ್ಲೋ ಯಪ್ಪಾ. ನನ್ನ ಲೆಕ್ಕ ಎಲ್ಲಾ ಗ್ವಾಡಿ ಮ್ಯಾಲ ಐತಿ. ಖಾನಾವಳಿ ಮುಚ್ಚಸ್ತಾರೇನು? ಮುಚ್ಚಿಸಿದ್ರ ನಾ ಯಾರ ಮನಿ ಬಾಗಿಲಾಗ ನಿಲ್ಲಲಿ?"

ಹೋಗಿ ನೋಡಿದೆ. ಒಲೆಯ ಪಕ್ಕದ ಗೋಡೆ ತುಂಬ ಇದ್ದಲಿಯ ಚಿತ್ರ. ದಿನಾ ಉಣ್ಣುವವರಿಗೆ ಒಬ್ಬೊಬ್ಬರಿಗೆ ಒಂದೊಂದು ಗುರುತು: ಒಂದು ಕೊಡೆ, ಒಂದು ಮೀಸೆ, ಒಂದು ಕನ್ನಡಕ. ಗುರುತಿನ ಕೆಳಗೆ ಉಂಡಷ್ಟು ಗೀಟು. ರೊಕ್ಕ ಕೊಟ್ಟರೆ ಒದ್ದೆ ಅರಿವೆಯಿಂದ ಒರೆಸುವುದು.

"ಅಂದ್ರ ಕೈಗೆ ಬಂದದ್ದು ಎಲ್ಲೈತಿ ಯವ್ವಾ?"

"ಬಂದದ್ದು ಒರಿಸಿ ಹೋಗೇತಿ. ಬರೂದು ಅಷ್ಟ ಉಳದೈತಿ."

ಇದನ್ನು ಉರ್ದುವಿನಲ್ಲಿ ಹೇಗೆ ಬರೆಯುವುದು? ಎರಡು ದಿನ ಒದ್ದಾಡಿದೆ. ಮೂರನೇ ದಿನ ಸಾಹೇಬರೇ ಗೋಡೆ ನೋಡಲು ಬಂದರು. ಹಿಂದೆ ಕಚೇರಿಯ ಕಾಗದಪತ್ರ ನೋಡುವ ಪೇಶಕಾರರು, ಅವರ ಹಿಂದೆ ಜವಾನರ ಮೇಲಿನ ಜಮಾದಾರ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಲೆಯ ಹಿಂದೆ ನಿಂತಳು.

"ಈ ಮೀಸಿ ಯಾರದು?" ಅಂದರು ಸಾಹೇಬರು. ಅದರ ಕೆಳಗೆ ಐವತ್ತರ ಮೇಲೆ ಗೀಟು.

ಜಮಾದಾರ ತನ್ನ ಮೀಸೆಯನ್ನು ಕೈಯಿಂದ ಮುಚ್ಚಿಕೊಂಡ. ಸಾಹೇಬರು ಅವನನ್ನೇ ಒಂದು ಗಳಿಗೆ ನೋಡಿದರು.

"ಈ ಕೊಡಿ?"

ಪೇಶಕಾರರು ಬಗಲಲ್ಲಿದ್ದ ಕೊಡೆಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ಅದರ ತುದಿ ಹೆಗಲ ಮೇಲೆ ಎದ್ದು ಕಾಣುತ್ತಿತ್ತು.

ಸಾಹೇಬರು ಗೋಡೆಯ ಕೊನೆಗೆ ಬಂದರು. ಅಲ್ಲಿ ಹೊಸ ಗುರುತು, ಗೊಂಡೆ ಇರುವ ಟೊಪ್ಪಿಗೆ. ಕೆಳಗೆ ಒಂದೇ ಗೀಟು. "ಇದು?"

ಅವ್ವ ಕೈ ಜೋಡಿಸಿದಳು. "ತಪ್ಪ ತಿಳೀಬ್ಯಾಡ್ರಿ ಯಪ್ಪಾ. ನಿನ್ನಿ ಮಧ್ಯಾಹ್ನ ನಿಮ್ಮ ಜವಾನ ಎರಡು ರೊಟ್ಟಿ, ಬದನಿಕಾಯಿ ಪಲ್ಯ ಒಯ್ದಾನ. ರೊಕ್ಕ ಆಮ್ಯಾಲ ಅಂದಾನ."

ಸಾಹೇಬರ ಕೈ ತಾನಾಗಿ ತಮ್ಮ ಟೊಪ್ಪಿಗೆಯ ಗೊಂಡೆಗೆ ಹೋಯಿತು. ಅವರು ಜೇಬಿನಿಂದ ನಾಲ್ಕಾಣೆ ತೆಗೆದು ಒಲೆಯ ಕಟ್ಟೆಯ ಮೇಲಿಟ್ಟರು.

ಅವ್ವ ಅದನ್ನು ಕಣ್ಣಿಗೊತ್ತಿಕೊಂಡಳು. ಒದ್ದೆ ಅರಿವೆಯಿಂದ ಟೊಪ್ಪಿಗೆಯನ್ನೂ ಗೀಟನ್ನೂ ಒರೆಸಿದಳು. ಆಮೇಲೆ ಭಯಭಕ್ತಿಯಿಂದ ಕೇಳಿದಳು:

"ಈಗ ಇದು ಆಮ್ದನಿ ಆತೇನ್ರಿ? ಬರ್ಕೋರಿ ಮತ್ತ."

ನನ್ನ ಪಾಳಿ

ಇಷ್ಟೆಲ್ಲ ಆಗುವಾಗ ನನ್ನ ಆಮ್ದನಿಯ ಮಾತು ನನ್ನ ತಲೆಯಲ್ಲೇ ಇರಲಿಲ್ಲ. ಎಂಟಾಣೆಯವನನ್ನು ಯಾರು ಕೇಳುತ್ತಾರೆ? ವರ್ಷಕ್ಕೆ ಇನ್ನೂರು ರೂಪಾಯಿ ಕಂಡರೆ ನನ್ನ ಪುಣ್ಯ.

ಒಂದು ದಿನ ಜವಾನ ಬಂದು, "ಸಾಹೇಬ್ರು ಕರೀತಾರ," ಅಂದ. ಒಳಗೆ ಹೋದೆ. ಮೇಜಿನ ಮೇಲೆ ನಾನು ಬರೆದ ಕಾಗದಗಳು ಅಷ್ಟೂ ಇದ್ದವು, ನಲವತ್ತು. ಪ್ರತಿಯೊಂದರ ಕೆಳಗೂ "ಬರೆದವರು" ಅಂತ ನನ್ನ ಸಹಿ.

"ನಿನ್ನ ಬರವಣಿಗಿ ಚಂದ ಅದ," ಅಂದರು. ನಾನು ಹಿಗ್ಗಿ ಬಾಗಿದೆ.

"ಈ ಖರ್ಚಿನ ಖಾನೆ ಓದು."

ಓದಿದೆ. "ಮುನ್ಷಿಗೆ ಬರಹದ ಕೂಲಿ, ನೂರು ರೂಪಾಯಿ." ಇನ್ನೊಂದು ಕೊಟ್ಟರು. "ಮುನ್ಷಿಗೆ ಬರಹದ ಕೂಲಿ, ನೂರಾ ಹತ್ತು." ಮತ್ತೊಂದು.

ಆದದ್ದು ಇಷ್ಟು. ಖರ್ಚು ಬರೆಸುವಾಗ ಪ್ರತಿಯೊಬ್ಬನೂ ಕಡೆಗೆ, "ನಿಮಗ ಕೊಟ್ಟದ್ದೂ ಖರ್ಚ ಅಲ್ರಿ? ಹಾಕ್ರಿ," ಅನ್ನುತ್ತಿದ್ದ. "ಎಂಟಾಣೆ ಹಾಕ್ಲಾ?" ಅಂದರೆ, "ಎಂಟಾಣೆ ಹಾಕಿದ್ರ ಏನ ತಗ್ಗತೈತ್ರಿ? ನೂರು ಹಾಕ್ರಿ, ನಿಮ್ಮ ಗಂಟೇನು ಹೋತು?" ಅನ್ನುತ್ತಿದ್ದ. ನನ್ನ ಗಂಟೇನು ಹೋಗುತ್ತದೆ ಅಂತ ನಾನೂ ಬರೆಯುತ್ತಿದ್ದೆ. ಹೌದು, ಓದುವಾಗ ಒಂದು ನಮೂನೆ ಮರ್ಯಾದೆಯೂ ಅನ್ನಿಸುತ್ತಿತ್ತು.

"ನಾ ಕೂಡಿಸೀನಿ," ಅಂದರು ಸಾಹೇಬರು. "ನಾಲ್ಕು ಸಾವಿರದ ಇನ್ನೂರು. ಈ ತಾಲೂಕಿನ ಸಾವ್ಕಾರ್ರು ಎಲ್ಲಾರೂ ಬಡವರು, ನೀ ಒಬ್ಬನ ಶ್ರೀಮಂತ. ಎರಡರಾಗ ಒಂದು ಆರಿಸಿಕೋ. ಈ ನಲವತ್ತು ಕಾಗದ ಸುಳ್ಳು ಅಂದ್ರ ಬರದವ ನೀನು. ಖರೆ ಅಂದ್ರ ಆಮ್ದನಿ ನಿಂದು. ಮೂರು ದಿನ ಟೈಮ್."

ಹೊರಗೆ ಬಂದು ಚಾಪೆ ಸುತ್ತಿಟ್ಟೆ. ಊರೂರು ತಿರುಗಿದೆ. ಬಳಗಾನೂರಿನ ಕಿರಾಣಿ ಅಂಗಡಿಯವನ ಹತ್ತಿರ, "ನೀವು ಬರೆಸಿದ ನೂರು ರೂಪಾಯಿ ಕೊಡ್ರಪ್ಪಾ, ಪಟ್ಟಿ ಕಟ್ಟಬೇಕು," ಅಂದೆ.

ಅವನು ಗಾಬರಿಯಾದ. "ಕೊಟ್ಟೀನಿ ಅಂತ ಸರ್ಕಾರಕ್ಕ ಬರದು ಕೊಟ್ಟೀನಲ್ರಿ ಮುನ್ಷಿಯವ್ರ! ಎರಡು ಸಲ ಹ್ಯಾಂಗ ಕೊಡ್ಲಿ?"

ಮುಕ್ಕುಂದದ ದಲಾಲ ಇನ್ನೂ ಮುಂದೆ ಹೋದ. "ನೂರು ಇಸಗೊಂಡು ಒಂದು ಕಪ್ಪು ಚಾ ಸೈತ ಕುಡಿಸಿಲ್ಲ ನೀವು," ಅಂತ ನನ್ನ ಮೇಲೆಯೇ ಮುನಿಸಿಕೊಂಡ.

ಮೂರನೇ ದಿನ ಸಾಹೇಬರ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಎಂಟಾಣೆ ಅಂತಲೂ ಹೇಳಿದೆ, ಮರ್ಯಾದೆ ಅನ್ನಿಸಿದ್ದನ್ನೂ ಹೇಳಿದೆ. ಮಾತು ಮುಗಿಸುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು. ಸಾಹೇಬರು ನಗೆ ತಡೆಯಲಾಗದೆ ಕರವಸ್ತ್ರ ಬಾಯಿಗೆ ಹಿಡಿದರು. ಶಿಕ್ಷೆ ಒಂದೇ ಆಯಿತು. ನಲವತ್ತೂ ಕಾಗದ ಹೊಸದಾಗಿ ಬರೆಯಬೇಕು, ಖರೆ ಕೂಲಿ ಹಾಕಿ, ಬಿಟ್ಟಿಯಾಗಿ. ಅದರ ಜೊತೆಗೆ ನಲವತ್ತೊಂದನೆಯದು, ನನ್ನದು. "ವರ್ಷದ ಆಮ್ದನಿ ಇನ್ನೂರು" ಅಂತ ನನ್ನ ಕೈಯಾರೆ ಬರೆದು, ದೇವರಿಗೆ ದೊಡ್ಡ ನಮಸ್ಕಾರ ಹಾಕಿ, ಅದರದೊಂದು ನಕಲು ಇಟ್ಟುಕೊಂಡು ಮನೆಗೆ ಬಂದೆ.

ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಹೆಂಡತಿ ಬಾಗಿಲಿಗೆ ಅಡ್ಡ ಕೂತಿದ್ದಳು, ತೊಡೆಯ ಮೇಲೆ ಕಚೇರಿಯ ಕಾಗದ. ನಾನು ಊರೂರು ತಿರುಗುವಾಗ ಹಳೇ ಲೆಕ್ಕದ ನೋಟೀಸು ಮನೆಗೆ ಬಂದಿತ್ತು. ಪಕ್ಕದ ಮನೆಯ ಉರ್ದು ಮಾಸ್ತರರು ಅದನ್ನು ಸ್ಪಷ್ಟವಾಗಿ ಓದಿ ಹೇಳಿದ್ದರು.

"ನಾಲ್ಕು ಸಾವಿರದ ಇನ್ನೂರು," ಅಂದಳು. "ಲಗ್ನಾದಾಗಿಂದ ಒಂದು ಮೂಗಬಟ್ಟು ಕೇಳಾಕತ್ತೀನಿ. ರೊಕ್ಕಿಲ್ಲ, ರೊಕ್ಕಿಲ್ಲ ಅಂತ ಹೇಳಿಕೋತ ಬಂದೀರಿ. ಎಲ್ಲಿ ಇಟ್ಟೀರಿ ಅದನ್ನ? ಯಾರ ಮನ್ಯಾಗ ಇಟ್ಟೀರಿ?"

"ಅಯ್ಯ, ಅದು ಸುಳ್ಳ ಲೆಕ್ಕ! ಸಾಹೇಬ್ರ ಒಪ್ಪಿಕೊಂಡಾರ. ಇಲ್ಲಿ ನೋಡು ಖರೆ ಕಾಗದ, ಬರೇ ಇನ್ನೂರು!" ಅಂತ ನಕಲು ಮುಂದೆ ಹಿಡಿದೆ.

ಅವಳು ಎರಡು ಕಾಗದವನ್ನೂ ಅಕ್ಕಪಕ್ಕ ಇಟ್ಟು, ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತಿದಳು.

"ಇದರ ಮ್ಯಾಲ ಸರ್ಕಾರದ ಮುದ್ರಿ ಐತಿ. ಅದು ನಿಮ್ಮ ಕೈಬರಹ. ನಿಮ್ಮ ಕೈಬರಹ ಖರೆ ಇದ್ದಿದ್ರ ನಿಮ್ಮನ್ನ ಕಚೇರಿಗೆ ಯಾಕ ಕರಸ್ತಿದ್ರು?"